ಗೋಡೆಗೆ ಮಾತ್ರ ಬೆಚ್ಚಗಿತ್ತು

ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಮೈಸೂರಿನಲ್ಲಿ ಧನುರ್ಮಾಸದ ಬೆಳಗ್ಗೆ ತಣ್ಣೀರು ಸ್ನಾನ ಮಾಡುತ್ತಿದ್ದೆ ಎಂದು ಹೆಂಡತಿ ಸುಮಾಳಿಗೆ ಎಷ್ಟು ಸಲ ಹೇಳಿದ್ದೇನೆಂದರೆ, ಅದು ನಡೆದದ್ದೋ ಹೇಳಿ ಹೇಳಿ ಆದದ್ದೋ ಈಗ ನನಗೇ ಗೊತ್ತಿಲ್ಲ. ಹಾಗಾಗಿ ಅಂಕಿ ತೋರಿಸುವ ಯಾವ ಯಂತ್ರ ಕಂಡರೂ ನನಗೆ ಗುರುಭಕ್ತಿ. ಓದು ಹೆಚ್ಚಾದವರಿಗೆ ಬರುವ ಕಾಯಿಲೆ ಇದು ಎಂದು ಸುಮಾ ಹೇಳುತ್ತಾಳೆ. ಇರಬಹುದು.

ಆ ಜನವರಿಯಲ್ಲಿ, ಅಮೆರಿಕದಲ್ಲಿ ನಾವಿರುವ ಫುಲ್‌ಶೀರ್ ಎಂಬ ಊರಿಗೆ ಕೊರೆಯುವ ಚಳಿ ಬಂತು. ಅದಕ್ಕೆ ಸ್ವಲ್ಪ ಮುಂಚೆ ಧಾರವಾಡದಿಂದ ಅತ್ತೆಯವರೂ ಬಂದಿದ್ದರು. ಅಮೆರಿಕಕ್ಕೆ ಬಂದಾಗಲೆಲ್ಲ ಆಸ್ಟಿನ್‌ನ ದೊಡ್ಡ ಮಗಳ ಮನೆಯಲ್ಲೇ ಉಳಿಯುತ್ತಿದ್ದವರು ಈ ಸಲ ಸಂಕ್ರಾಂತಿ ನಮ್ಮಲ್ಲಿ ಎಂದಿದ್ದರು. ಸುಮಾ ಇದಕ್ಕಾಗಿ ವರ್ಷಗಟ್ಟಲೆ ಕಾದಿದ್ದಳು. ಹಬ್ಬದವರೆಗೆ ನಂದಾದೀಪ ಉರಿಸುವ ಹರಕೆ ಅತ್ತೆಯವರದು. ದೇವರಿಗೆ ಪೂರ್ವದ ಮುಖ ಬೇಕೆಂದರು. ಅದಕ್ಕೆ ಒಪ್ಪುವ ಗೋಡೆ ಹುಡುಕಿ, ನಾನೇ ಡ್ರಿಲ್ ಮಾಡಿ ಹಲಗೆ ಹೊಡೆದುಕೊಟ್ಟೆ. ಅಳಿಯನ ಕೆಲಸ ನೇರವಾಗಿದೆ ಎಂದು ಅವರು ಹೊಗಳಿದ್ದರು. ಅಥವಾ ಸುಮಾ ಹೊಗಳಿದ್ದಳೋ.

ಚಳಿ ಬಂದ ಮೇಲೆ ಹೀಟರ್ ಸದ್ದೇ ಮಾಡಲಿಲ್ಲ. ಚಾವಣಿಯ ಜಾಲರಿಗಳಿಂದ ಬಿಸಿಗಾಳಿಯೂ ಇಲ್ಲ. ಆದರೆ ಹೀಟರನ್ನು ನಡೆಸುವ ಗೋಡೆಯ ಥರ್ಮೋಸ್ಟಾಟ್ ಮಾತ್ರ ಎಪ್ಪತ್ನಾಲ್ಕು ಡಿಗ್ರಿ ಎನ್ನುತ್ತಿತ್ತು. ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಎಪ್ಪತ್ನಾಲ್ಕೆಂದರೆ ಅಂಗಿಯಲ್ಲಿ ಓಡಾಡುವ ಹಿತ. ನಾನು ಟೋಪಿ ಹಾಕಿಕೊಂಡು ಅದನ್ನು ಓದಿ, ಇದು ಬರೀ ಮನಸ್ಸಿನ ಚಳಿಯೇನೋ ಎಂದು ಯೋಚಿಸಿದೆ. ರಿಪೇರಿಯವರಿಗೆ ಫೋನ್ ಮಾಡಿದರೆ, ಎಪ್ಪತ್ನಾಲ್ಕಿದ್ದರೆ ತೊಂದರೆ ಏನು, ಮುಂದಿನ ವಾರ ನೋಡೋಣ ಎಂದರು.

ಎರಡು ಶಾಲು, ಒಂದು ರಗ್ಗಿನೊಳಗಿದ್ದ ಅತ್ತೆಯವರಿಗೆ ಅದೇ ಅಂಕಿ ತೋರಿಸಿದೆ. "ಮನೆ ಬೆಚ್ಚಗೇ ಇದೆಯಂತೆ ಅತ್ತೆ."

"ಗ್ವಾಡಿಗೆ ಬೆಚ್ಚಗಿರಬೇಕು. ನಾ ಗ್ವಾಡಿ ಅಲ್ಲರೀ ಅಳಿಯಂದಿರ," ಎಂದರು ಅವರು. ಆಮೇಲೆ ಮಗಳ ಕಡೆ ತಿರುಗಿ, "ಸುಮಾ, ಅಕ್ಕಗ ಫೋನ್ ಹಚ್ಚು. ನಾಳೆ ಬಂದು ಕರ್ಕೊಂಡು ಹೋಗ್ಲಿ," ಎಂದರು.

ಸುಮಾ ಎಳ್ಳು ಹುರಿಯುವುದನ್ನು ನಿಲ್ಲಿಸಿದಳು. ಅವಳು ರೇಗಿದ್ದರೆ ನನಗೆ ಸುಲಭವಿತ್ತು.

ರಿಪೇರಿಯವರಿಗೆ ಫೋಟೋ ಕಳಿಸೋಣವೆಂದು ಥರ್ಮೋಸ್ಟಾಟಿನ ಮುಂದೆ ಹೋಗಿ ನಿಂತೆ. ವಿಚಿತ್ರವೆಂದರೆ, ಅಲ್ಲಿ ನಿಂತಾಗ ಮರಗಟ್ಟಿದ್ದ ಬೆರಳಿಗೆ ಜೀವ ಬಂತು. ಸೋಫಾದ ಕಡೆ ಬಂದರೆ ಮತ್ತೆ ಚಳಿ. ಮರಳಿ ಹೋದರೆ ಬಿಸಿ. ದೇವರ ಸನ್ನಿಧಿಯಲ್ಲಿ ಇಂಥ ಅನುಭವವಾಗುತ್ತದೆಂದು ಕೇಳಿದ್ದೆ. ನನ್ನಂಥವನಿಗೂ ಆಗುತ್ತದೆಯೇ ಎಂದು ಗಲಿಬಿಲಿಗೊಂಡು ಸುಮಾಳನ್ನು ಕರೆದೆ.

ಅವಳು ನನ್ನನ್ನು ನೋಡಿದಳು, ಥರ್ಮೋಸ್ಟಾಟನ್ನು ನೋಡಿದಳು, ಅದರ ಕೆಳಗೇ ನಾನು ಹೊಡೆದ ಹಲಗೆಯ ಮೇಲೆ ಉರಿಯುತ್ತಿದ್ದ ನಂದಾದೀಪವನ್ನು ನೋಡಿದಳು. "ರೀ, ದೀಪದ ಕಾವು ಅದಕ್ಕ ಬಡೀಲಿಕ್ಕತ್ತದ. ಮನಿ ಬೆಚ್ಚಗದ ಅಂತ ಹೀಟರ್ ಮಲಗೇದ," ಎಂದು ಪಿಸುಗುಟ್ಟಿದಳು. "ಅವ್ವಗ ಯಾರು ಹೇಳೋರು?"

ಹರಕೆಯ ದೀಪದಿಂದಲೇ ಮನೆ ತಣ್ಣಗಾಯಿತೆಂದು ಹೇಳಿದರೆ ಅತ್ತೆಯವರು ನಾಳೆಯಲ್ಲ, ಇವತ್ತೇ ಹೊರಟಾರು. ಹೇಳದಿದ್ದರೆ ಚಳಿಗೆ ಹೊರಡುತ್ತಾರೆ. ದೇವರು, ವಿಜ್ಞಾನ, ವಾಸ್ತು ಎಲ್ಲ ಸೇರಿಸಿ ನಾನು ಉದ್ದದ ಪೀಠಿಕೆ ಶುರು ಮಾಡಿದೆ.

ಅತ್ತೆಯವರು ಅರ್ಧಕ್ಕೇ ಕೈ ಎತ್ತಿದರು. "ದೇವರು ಎಲ್ಲಾ ಕಡೆ ಇರ್ತಾನರಿ. ಆ ಡಬ್ಬಿ ಮಾತ್ರ ಅಲ್ಲೇ ಇರಬೇಕಲ್ಲ?" ಎಂದು ಎದ್ದು, ದೀಪ ಆರದಂತೆ ಸೆರಗು ಮರೆಮಾಡಿ ಊಟದ ಕೋಣೆಗೆ ಒಯ್ದರು. "ಮೊದಲ ಹೇಳಬಾರದೇನು? ನೀವು ನಡಗೋದು ನೋಡಲಾರದ ನಾ ಹೊಂಟಿದ್ದೆ."

ಸ್ವಲ್ಪ ಹೊತ್ತಿಗೆ ಹೀಟರ್ ಗುರ್ ಎಂದಿತು. ಸುಮಾ ಮತ್ತೆ ಎಳ್ಳಿನ ಬಾಣಲೆ ಒಲೆಗಿಟ್ಟಳು. ಅತ್ತೆಯವರು ಸಂಕ್ರಾಂತಿ ಕಳೆದ ಮೇಲೂ ನಮ್ಮಲ್ಲೇ ಉಳಿದರು. ಈಗ ಸ್ವೆಟರ್ ಹಾಕಬೇಕೋ ಬೇಡವೋ ಎಂದು ಅನುಮಾನವಾದಾಗ ನಾನು ಗೋಡೆ ನೋಡುವುದಿಲ್ಲ. "ಅತ್ತೆ, ನನಗೆ ಚಳಿಯಾಗ್ತಿದೆಯಾ?" ಎಂದು ಅವರನ್ನೇ ಕೇಳುತ್ತೇನೆ.