ಅಂತರಪಟ ಇಳಿಸದ ಅತ್ತೆ

ನನ್ನ ಸೋದರತ್ತೆಗೆ ಮನುಷ್ಯರು ಕಾಣುತ್ತಲೇ ಇರಲಿಲ್ಲ, ಬರೀ ಮೂಗುಗಳು ಕಾಣುತ್ತಿದ್ದವು ಎಂದರೆ ನೀವು ನಂಬಬೇಕು! ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ಆಕೆ ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲೇ ಇದ್ದಳು. ಹಂದಿಜ್ವರ ಹಬ್ಬಿದ ವರ್ಷವೇ ನನ್ನ ಮದುವೆ ಗೊತ್ತಾಯಿತು. ವರನಿಗೆ ಅದೇ ಊರಿನ ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಕೆಲಸ, ಬಳಗವೆಲ್ಲ ಪುಣೆಯಲ್ಲಿ. ಪುಣೆಯಲ್ಲಿ ಆಗ ಜ್ವರ ಜೋರು. ಅತ್ತೆಗೆ ನಿದ್ದೆ ಹಾರಿತು.

ಸುಲ್ತಾನ್ ಬಜಾರಿನಲ್ಲಿ ಸೀರೆ ತೋರಿಸುತ್ತಿದ್ದ ಅಂಗಡಿಯವನು ಒಮ್ಮೆ ಸೀನಿದ, ಪಾಪ. ಅತ್ತೆ ಅವನಿಗೆ ಹಿಂದಿಯಲ್ಲಿ ಪಾಠ ಶುರುಮಾಡಿದಳು. ವೈರಸ್ಸು ಮೈಯೊಳಗೆ ತನ್ನ ನಕಲು ತೆಗೆಯುತ್ತಲೇ ಇರುತ್ತದಂತೆ, ಅವಸರದಲ್ಲಿ ತಪ್ಪು ಮಾಡುತ್ತದಂತೆ. ಹೆಚ್ಚಿನ ತಪ್ಪುಗಳು ಅಲ್ಲೇ ಸತ್ತು, ಯಾವುದೋ ಒಂದು ಬದುಕಿ ಹೊಸ ತಳಿಯಾಗಿ ಊರೂರು ತಿರುಗುತ್ತದಂತೆ. ಎರಡು ಬಗೆಯ ಜ್ವರ ಒಬ್ಬನ ಮೈಯಲ್ಲೇ ಕೂಡಿದರಂತೂ ಅದಲುಬದಲಾಗಿ ಮೂರನೆಯದೇ ಹುಟ್ಟಬಹುದಂತೆ! ಅಂಗಡಿಯವನು ನಾವು ಕೇಳಿದ ಬೆಲೆಗೇ ಸೀರೆ ಕೊಟ್ಟು ಕೈಮುಗಿದ.

ಮದುವೆಯ ದಿನ ನನಗೆ ನೆಗಡಿ. ಅತ್ತೆ ಪುಣೆಯವರನ್ನು ಎಡಕ್ಕೆ, ಹೈದರಾಬಾದಿನವರನ್ನು ಬಲಕ್ಕೆ ಕೂರಿಸಿ ನಡುವೆ ಬೆಂಚು ಅಡ್ಡ ಇಡಿಸಿದಳು. ಬೀಗರು ಇದು ನಮ್ಮ ಮನೆತನದ ಪದ್ಧತಿಯೆಂದು ತಿಳಿದು ಗಂಭೀರವಾಗಿ ಪಾಲಿಸಿದರು.

ಆಮೇಲೆ ಮುಹೂರ್ತ. ವಧೂವರರ ನಡುವಿನ ಅಂತರಪಟದ ಒಂದು ತುದಿ ಅತ್ತೆಯ ಕೈಯಲ್ಲಿತ್ತು. ಅಕ್ಷತೆ ಬಿತ್ತು, ವಾಲಗ ಮೊಳಗಿತು, ಅಷ್ಟರಲ್ಲಿ ನಾನು ಸೀನಿದೆ. ಅತ್ತೆ ಬಟ್ಟೆ ಇಳಿಸಲೇ ಇಲ್ಲ! ಪುರೋಹಿತರು ಬೇಡಿಕೊಂಡರು, ಅಪ್ಪ ಗದರಿದ. ಕೊನೆಗೆ ಆಚೆಯಿಂದ ವರನೇ ಸಮಾಧಾನ ಹೇಳಿದ.

"ಅತ್ತಿಯವರ, ಚಿಂತಿ ಮಾಡಬ್ಯಾಡ್ರಿ. ನನಗೂ ನೆಗಡಿ ಐತ್ರಿ."

ಅತ್ತೆ ಬಟ್ಟೆಯನ್ನು ಇನ್ನೊಂದು ಗೇಣು ಮೇಲೆತ್ತಿದಳು. ಮಾಲೆಗಳನ್ನು ನಾವು ಅದರ ಮೇಲಿಂದಲೇ ಅಂದಾಜಿನಲ್ಲಿ ಎಸೆದೆವು. ನನ್ನದು ಪುರೋಹಿತರ ಕೊರಳಿಗೆ ಬಿತ್ತು.

ಸನತ್‌ನಗರದಲ್ಲಿ ಮನೆ ಹೂಡಿದ ವಾರದೊಳಗೆ ಗಂಡನಿಗೆ ಜ್ವರ ಬಂತು. ಹಂದಿಜ್ವರವೇ ಎಂದರು ಡಾಕ್ಟರು. ಮರುದಿನ ನಾನೂ ಮಲಗಿದೆ. ಬಂಧುಗಳೆಲ್ಲ ಫೋನಿನಲ್ಲೇ ಮರುಗಿದರು. ಬಾಗಿಲು ತೆರೆದು ಒಳಗೆ ಬಂದವಳು ಅತ್ತೆಯೊಬ್ಬಳೇ. ಬಂದವಳೇ ಒಲೆ ಹಚ್ಚಿದಳು.

"ಅತ್ತಿ, ನೀ ಯಾಕ ಬಂದಿ? ನಿನಗೂ ಹತ್ತತೈತಿ," ಅಂದೆ.

"ಗೊತ್ತೈತಿ. ಇಬ್ರೂ ಮಲಗಿದ್ರ ಗಂಜಿ ಯಾರು ಕಾಸ್ತಾರ?"

ಗಂಡನಿಗೆ ಗಂಜಿ ಕುಡಿಸಿ ನನ್ನ ಹಣೆಯ ಮೇಲೆ ಕೈಯಿಟ್ಟಳು. ನಾನು ಸೀನಿದಾಗ ಆಕೆ ಉಸಿರು ಬಿಗಿಹಿಡಿದು ಮುಖ ತಿರುಗಿಸಿದಳು. ಆಕೆ ನಿಜಕ್ಕೂ ಎಷ್ಟು ಹೆದರಿದ್ದಳು ಎಂಬುದು ನನಗೆ ಆಗ ತಿಳಿಯಿತು. ನಾನು ನಿದ್ದೆ ಹೋಗುವವರೆಗೂ ಆ ಕೈಯನ್ನು ತೆಗೆಯಲಿಲ್ಲ.