ಪವರ್ ಬಟನ್ನನ್ನು ಹೊಟ್ಟೆಯಡಿ ಬಚ್ಚಿಟ್ಟ ಮಹನೀಯರಿಗೆ

ಇವರಿಗೆ,
ವಿನ್ಯಾಸ ವಿಭಾಗದ ಮುಖ್ಯಸ್ಥರು,
ಹೊಸ ರೂಪದ ಪುಟ್ಟ ಡೆಸ್ಕ್‌ಟಾಪ್ ಕಂಪ್ಯೂಟರಿನ ತಯಾರಕರು.

ವಿಷಯ: ತಮ್ಮ ಯಂತ್ರದ ಬುಡದ ಬಗ್ಗೆ.

ಮಾನ್ಯರೇ,

ಕಸೂತಿ ಅಂಗಡಿಯೊಂದನ್ನು ನಡೆಸಿಕೊಂಡು ಹೋಗುತ್ತಿರುವ ನಾನು ತಮಗೆ ಗೌರವಪೂರ್ವಕವಾಗಿ ನಮಸ್ಕರಿಸಿ ಬರೆಯುವುದೇನೆಂದರೆ, ತಾವೂ ತಮ್ಮ ವಿಭಾಗದ ಸಮಸ್ತರೂ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ತಮ್ಮ ಎರಡೂ ಕೈಗಳು ಸರಿಯಾಗಿ ಕೆಲಸ ಮಾಡುತ್ತಿವೆ ಎಂಬುದರಲ್ಲಂತೂ ನನಗೆ ಎಳ್ಳಷ್ಟೂ ಸಂಶಯವಿಲ್ಲ. ತಮ್ಮ ಹೊಸ ಯಂತ್ರವನ್ನು ಒಮ್ಮೆ ಆನ್ ಮಾಡಿದ ಯಾರಿಗಾದರೂ ಅದು ತಾನಾಗಿಯೇ ತಿಳಿಯುತ್ತದೆ.

ಮೊದಲು ನಮ್ಮ ಪರಿಚಯ. ವೈದ್ಯರ ಬಿಳಿ ಕೋಟಿನ ಜೇಬಿನ ಮೇಲೆ, ಹೋಟೆಲಿನ ಟವೆಲುಗಳ ಅಂಚಿನಲ್ಲಿ, ಶಾಲೆಯ ಮಕ್ಕಳ ಚೀಲಗಳ ಮೇಲೆ ದಾರದಲ್ಲಿ ಹೆಸರು ಮೂಡಿಸಿಕೊಡುವುದು ನಮ್ಮ ಕಸುಬು. ಈ ಅಂಗಡಿಯನ್ನು ಶುರುಮಾಡಿದ್ದು ನನ್ನ ಅಮ್ಮ. ಆಗ ಯಂತ್ರವೆಂದರೆ ಅವರ ಬಲಗೈ ಮಾತ್ರ. ಆ ಕೈಗೆ ಪಾರ್ಶ್ವವಾಯು ಬಡಿದ ಮೇಲೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಕಸೂತಿ ಯಂತ್ರಕ್ಕೆ ಕಳಿಸುವ ಏರ್ಪಾಡಾಯಿತು, ಅದನ್ನು ನಾನು ನೋಡಿಕೊಳ್ಳತೊಡಗಿದೆ. ಅಮ್ಮನಿಗೆ ಉಳಿದದ್ದು ಒಂದೇ ಕೆಲಸ: ದಿನಾ ಬೆಳಿಗ್ಗೆ ಕಂಪ್ಯೂಟರನ್ನು ಆನ್ ಮಾಡುವುದು. ಹಿಂದಿನ ಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದು, ಸ್ಟೂಲಿನ ಮೇಲೆ ಕೂತು, ಎಡಗೈಯ ಹೆಬ್ಬೆರಳಿನಿಂದ ಬಟನ್ ಒತ್ತಿ, ಪರದೆ ಬೆಳಗುವವರೆಗೂ ಅದನ್ನೇ ನೋಡುತ್ತಿದ್ದು, ಆಮೇಲೆ ನಮ್ಮ ಕಡೆ ತಿರುಗಿ ಶುರು ಮಾಡಿ ಎಂದು ತಲೆಯಾಡಿಸುತ್ತಾರೆ. ಆ ತಲೆ ಅಲ್ಲಾಡದೆ ನಮ್ಮಲ್ಲಿ ಸೂಜಿ ಅಲ್ಲಾಡುವುದಿಲ್ಲ. ಒಮ್ಮೆ ಅವರು ಬರುವುದು ತಡವಾಯಿತೆಂದು ನಮ್ಮ ಯಜಮಾನರು ತಾವೇ ಬಟನ್ ಒತ್ತಿಬಿಟ್ಟಿದ್ದರು. ಅಮ್ಮ ಬಂದವರೇ ಅದನ್ನು ಆಫ್ ಮಾಡಿಸಿ, ಮತ್ತೆ ಆನ್ ಮಾಡಿದರು. ಅಲ್ಲಿಂದೀಚೆಗೆ ಯಜಮಾನರು ಅತ್ತೆಯ ಬಟನ್ನಿನ ತಂಟೆಗೆ ಹೋಗಿಲ್ಲ.

ನಮ್ಮ ಹಳೆಯ ಕಂಪ್ಯೂಟರು ತಮ್ಮಂಥವರ ಕಣ್ಣಿಗೆ ಬೀಳಬಾರದ ವಸ್ತು. ಅಕ್ಕಿ ಡಬ್ಬಿಯ ಗಾತ್ರದ ಆ ಸಿಪಿಯು ಮೇಜಿನ ಅರ್ಧವನ್ನು ತಾನೇ ತಿಂದುಕೊಂಡು ಕೂತಿತ್ತು, ಅದರ ಮುಂಭಾಗದಲ್ಲಿ ನಡುಮಧ್ಯೆ, ಯಾವ ನಾಚಿಕೆಯೂ ಇಲ್ಲದೆ, ದೊಡ್ಡದೊಂದು ಬಟನ್ ಎದ್ದು ಕಾಣುತ್ತಿತ್ತು. ಬಟ್ಟೆಯ ಜೊತೆಗೇ ಬದುಕುವ ನಾವು ಅದಕ್ಕೊಂದು ದಪ್ಪನೆಯ ಹೊದಿಕೆ ಹೊಲಿದು, ಬಟನ್ ಇರುವ ಜಾಗದಲ್ಲಿ ಕಾಜಾ ಕಟ್ಟಿ, ಹಗಲೂ ರಾತ್ರಿ ಬೆಚ್ಚಗೆ ಇಟ್ಟಿದ್ದೆವು. ಅದು ಮಾತುಮಾತಿಗೆ ಬಿಸಿಯಾಗಿ ನಿಂತುಹೋಗತೊಡಗಿದಾಗ ರಿಪೇರಿಯವರನ್ನು ಕರೆಸಿದೆವು. ಅವರು ಹೊದಿಕೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇಷ್ಟು ವರ್ಷ ಇದು ಉಸಿರಾಡಿದ್ದು ಎಲ್ಲಿಂದ ಎಂದು ಕೇಳಿದರು. ಕಾಜಾದಿಂದ ಎಂದು ನಾನು ಹೇಳಿದೆ. ಇನ್ನು ಇದರ ಮೇಲೆ ಹೆಚ್ಚು ದಿನ ನಂಬಿಕೆ ಇಡಬೇಡಿ ಎಂದು ಅವರು ಬುದ್ಧಿ ಹೇಳಿ ಹೋದರು.

ಅಂಥ ಹೊತ್ತಿನಲ್ಲಿ ತಮ್ಮ ಹೊಸ ಯಂತ್ರದ ಸುದ್ದಿ ಬಂತು. ಅಂಗೈಯಗಲದ ಕಂಪ್ಯೂಟರು, ಹಳೆಯದಕ್ಕಿಂತ ಎಷ್ಟೋ ಪಾಲು ವೇಗ, ಸದ್ದೇ ಇಲ್ಲ, ಎಲ್ಲವನ್ನೂ ಮೊದಲಿನಿಂದ ಯೋಚಿಸಿ ಮಾಡಿದ್ದೇವೆ ಎಂದು ತಾವು ಜಾಹೀರಾತಿನಲ್ಲಿ ಹೇಳಿದ್ದಿರಿ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ನಾವು ಮಾರುಹೋದೆವು. ಯಜಮಾನರು ಪತ್ರಿಕೆಯಲ್ಲಿ ಬಂದ ಅದರ ಚಿತ್ರವನ್ನು ಕತ್ತರಿಸಿ ಗೋಡೆಗೆ ಅಂಟಿಸಿದರು. ಖಾಲಿಯಾಗಲಿರುವ ಮೇಜಿನ ಮೇಲೆ ದಾರದ ಉಂಡೆಗಳಿರಬೇಕೋ ಕತ್ತರಿಗಳಿರಬೇಕೋ ಎಂದು ನಮ್ಮಿಬ್ಬರಲ್ಲಿ ಜಗಳವೇ ಆಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಎಂದು ಹಿರಿಯರು ಹೇಳಿದ್ದಾರೆ, ಆದರೆ ಹೊಲಿಯುವುದೇ ಕಸುಬಾದವರಿಗೆ ಆ ಮಾತು ಅನ್ವಯಿಸುವುದಿಲ್ಲವೆಂದು ನಾವು ತಿಳಿದಿದ್ದೆವು. ಅಂಗೈಯಗಲ ಎಂದು ತಾವೇ ಹೇಳಿದ್ದರಿಂದ ಪತ್ರಿಕೆಯ ಚಿತ್ರವನ್ನೇ ನಿಜವಾದ ಅಳತೆಯೆಂದುಕೊಂಡ ಯಜಮಾನರು, ಅದರ ಮೇಲೆ ಟೇಪು ಹಿಡಿದು, ಈ ಸಲ ಗಾಳಿಯಾಡುವ ತೆಳು ಬಟ್ಟೆಯಲ್ಲಿ, ಮುಂಭಾಗದಲ್ಲಿ ಒಪ್ಪವಾದ ಕಾಜಾ ಸಮೇತ, ಹೊಸ ಹೊದಿಕೆಯೊಂದನ್ನು ಸಿದ್ಧಮಾಡಿದರು. ಅದು ಈಗ ನಮ್ಮ ಮನೆಯ ಸಣ್ಣ ಗಡಿಯಾರಕ್ಕೆ ಸರಿಯಾಗಿ ಕೂತಿದೆ.

ಹೊದಿಕೆಯ ವಿಷಯದಲ್ಲಿ ತಮ್ಮ ತಪ್ಪೇನೂ ಇಲ್ಲ. ನನ್ನ ದೂರು ಕಾಜಾದ ಬಗ್ಗೆ.

ಕೊಳ್ಳುವ ಮುಂಚೆ ಒಮ್ಮೆ ನೋಡಿ ಬರೋಣವೆಂದು ಅಮ್ಮನನ್ನೂ ಕರೆದುಕೊಂಡು ಪೇಟೆಯ ಷೋರೂಮಿಗೆ ಹೋದೆವು. ದಿನಾ ಬೆಳಿಗ್ಗೆ ಒತ್ತಬೇಕಾದವರು ಅವರು, ನೋಡಬೇಕಾದವರೂ ಅವರೇ. ಅಮ್ಮ ಅಂದು ಒಳ್ಳೆಯ ಚಪ್ಪಲಿ ಹಾಕಿಕೊಂಡಿದ್ದರು. ಕಳ್ಳರ ಭಯಕ್ಕೆ ತಂತಿಯಿಂದ ಮೇಜಿಗೆ ಬಿಗಿದಿದ್ದ ತಮ್ಮ ಯಂತ್ರ ನಿಜಕ್ಕೂ ಮುದ್ದಾಗಿತ್ತು, ಅದನ್ನು ನಾನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಅಮ್ಮ ಅದರೆದುರು ಕುರ್ಚಿಯಲ್ಲಿ ಕೂತು ಮುಂದೆ ನೋಡಿದರು, ಪಕ್ಕ ನೋಡಿದರು, ನೆತ್ತಿಯ ಮೇಲೆ ಹೆಬ್ಬೆರಳು ಆಡಿಸಿದರು. ಕೊನೆಗೆ, ಆನ್ ಮಾಡೋದು ಎಲ್ಲಿಂದ ಎಂದು ಮಾರಾಟಗಾರರನ್ನು ಕೇಳಿದರು. ಆ ಸಭ್ಯ ಮನುಷ್ಯ ಒಂದು ಕೈಯಿಂದ ಯಂತ್ರದ ಹಿಂದಿನ ಮೂಲೆಯನ್ನು ತಂತಿ ಬಿಟ್ಟುಕೊಟ್ಟಷ್ಟು ಎತ್ತಿ, ಇನ್ನೊಂದು ಕೈಯ ಬೆರಳನ್ನು ಅದರಡಿ ತೂರಿಸಿ, ತಾವು ಅಲ್ಲಿ ಬಚ್ಚಿಟ್ಟಿರುವ ಬಟನ್ನನ್ನು ಒತ್ತಿ ತೋರಿಸಿದರು. ಅಮ್ಮ ಅವರ ಎರಡೂ ಕೈಗಳನ್ನು ನೋಡಿದರು. ಆಮೇಲೆ ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು.

ಮಾರಾಟಗಾರರು ಸಮಾಧಾನ ಹೇಳಲು ಹೋಗಿ, ಈ ಯಂತ್ರವನ್ನು ಆಫ್ ಮಾಡುವ ಅಗತ್ಯವೇ ಇಲ್ಲ, ಅದು ತಾನೇ ನಿದ್ದೆ ಹೋಗುತ್ತದೆ, ಕೀಲಿ ಮುಟ್ಟಿದರೆ ತಾನೇ ಏಳುತ್ತದೆ, ಹಾಗಾಗಿ ಆ ಬಟನ್ ಎಲ್ಲಿದ್ದರೇನು ಎಂದು ವಿವರಿಸಿದರು. ತಾವು ಕಲಿಸಿದ ಮಾತನ್ನೇ ಅವರು ಆಡುತ್ತಿದ್ದರೆಂದು ನನಗೆ ಗೊತ್ತು. ಅಮ್ಮ ಪೂರ್ತಿ ಕೇಳಿಸಿಕೊಂಡು, ಸಿಟ್ಟಿಲ್ಲದ ದನಿಯಲ್ಲಿ ನನ್ನನ್ನು ಕೇಳಿದರು:

"ಆಫ್ ಮಾಡೋದೇ ಬೇಡ ಅಂದ್ರೆ, ಬೆಳಿಗ್ಗೆ ನಾನ್ಯಾಕೆ ಅಂಗಡಿಗೆ ಬರಬೇಕು?"

ಮಾನ್ಯರೇ, ಈ ಪ್ರಶ್ನೆಗೆ ಷೋರೂಮಿನವರು ಕೊಟ್ಟ ತಮ್ಮ ಕೈಪಿಡಿಯಲ್ಲಿ ಉತ್ತರ ಹುಡುಕಿದೆ. ಸಿಗಲಿಲ್ಲ.

ಮರುದಿನದಿಂದ ಅಮ್ಮ ಕೋಣೆ ಬಿಟ್ಟು ಬರಲಿಲ್ಲ. ಕಾಲು ನೋವು ಎಂದರು. ವೈದ್ಯರು ಕಾಲನ್ನು ಪರೀಕ್ಷಿಸಿ ಏನೂ ಇಲ್ಲವೆಂದರು, ಅಮ್ಮ ಹಾಗಾದರೆ ಸರಿ ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಹಳೆಯ ಕಂಪ್ಯೂಟರನ್ನು ನಾನೇ ಆನ್ ಮಾಡತೊಡಗಿದೆ. ಸ್ಟೂಲು ಖಾಲಿಯಿತ್ತು. ಕೆಲಸವೇನೋ ಸಾಗಿತು, ಆದರೆ ಆಸ್ಪತ್ರೆಯ ಕೋಟಿನ ಮೇಲೆ ಹೋಟೆಲಿನ ಹೆಸರು ಹಾಕಿ ಬೈಸಿಕೊಂಡೆ. ಸುಳ್ಳೇಕೆ ಹೇಳಲಿ, ನನಗೆ ಹೆದರಿಕೆಯಾಗಿತ್ತು. ಹಾಸಿಗೆ ಹಿಡಿದ ಮನುಷ್ಯರು ಹಾಸಿಗೆಯಿಂದ ಹೇಗೆ ಏಳುವುದಿಲ್ಲ ಎಂಬುದನ್ನು ನಾನು ಕಂಡವಳು.

ತಮ್ಮ ಸಹಾಯವಾಣಿಗೆ ಕರೆಮಾಡಿ ಬಟನ್ನನ್ನು ಮುಂದಕ್ಕೆ ತರಲು ಸಾಧ್ಯವೇ ಎಂದು ಕೇಳಿದೆ. ಅಲ್ಲಿನ ಮಧುರ ಕಂಠದ ಸೋದರಿ, ಯಂತ್ರದ ಅಂದ ಕೆಡಬಾರದೆಂದೇ ಅದನ್ನು ಅಲ್ಲಿ ಇಡಲಾಗಿದೆ, ತಮ್ಮ ಸಲಹೆಯನ್ನು ಸಂಬಂಧಪಟ್ಟವರಿಗೆ ತಲುಪಿಸುತ್ತೇವೆ ಎಂದರು. ಆ ಸಂಬಂಧಪಟ್ಟವರು ತಾವೇ ಎಂದು ಭಾವಿಸಿ, ಆಗ ನಾನು ಬರೆದಿಟ್ಟುಕೊಂಡ ಕೋರಿಕೆಗಳನ್ನು ಇಲ್ಲಿ ವಿನಯದಿಂದ ಸಲ್ಲಿಸುತ್ತಿದ್ದೇನೆ. ಬಟನ್ನನ್ನು ಸ್ಥಳಾಂತರಿಸುವುದು ತಮ್ಮ ಘನತೆಗೆ ಕುಂದೆನಿಸಿದರೆ, ತಾವೇ ದಿನಾ ಬೆಳಿಗ್ಗೆ ನಮ್ಮ ಅಂಗಡಿಗೆ ಬಂದು ಯಂತ್ರದ ಮೂಲೆಯನ್ನು ಎತ್ತಿ ಹಿಡಿಯುವ ಕೃಪೆ ಮಾಡಬೇಕು, ಒತ್ತುವುದನ್ನು ಅಮ್ಮ ನೋಡಿಕೊಳ್ಳುತ್ತಾರೆ. ಅದಕ್ಕೂ ಬಿಡುವಿಲ್ಲವಾದರೆ, ಎಂದೂ ಆಫ್ ಮಾಡಬೇಕಿಲ್ಲದ ಲಕ್ಷಾಂತರ ಯಂತ್ರಗಳ ನಡುವೆ, ದಿನಾ ಸಂಜೆ ತಾನಾಗಿ ಆರಿಹೋಗಿ, ಮುದುಕಿಯೊಬ್ಬಳು ಬಂದು ಮುಟ್ಟದೆ ಏಳಲಾರೆನೆಂದು ಹಟ ಹಿಡಿಯುವ ಕೆಟ್ಟ ಯಂತ್ರವೊಂದನ್ನಾದರೂ ನಮಗಾಗಿ ತಯಾರಿಸಿಕೊಡಬೇಕು. ಅಷ್ಟು ಕೆಟ್ಟದಾಗಿ ಮಾಡಲು ತಮ್ಮ ಇಂಜಿನಿಯರುಗಳಿಗೆ ಬಾರದಿದ್ದರೆ, ನಮ್ಮ ಹಳೆಯದನ್ನು ಮಾದರಿಗಾಗಿ ಕಳಿಸಿಕೊಡಬಲ್ಲೆ.

ಈ ಕೋರಿಕೆಗಳನ್ನು ಕಳಿಸುವ ಮುಂಚೆಯೇ ಹಳೆಯದು ಕಣ್ಣುಮುಚ್ಚಿತು. ಕೋಟುಗಳ ರಾಶಿ ಹಾಗೇ ಬಿದ್ದಿತ್ತು. ನಮ್ಮ ಕಸೂತಿ ಯಂತ್ರಕ್ಕೆ ಹೊಂದುವುದು ತಮ್ಮದೇ ಎಂದು ರಿಪೇರಿಯವರು ಹೇಳಿದ್ದರಿಂದ, ಬೇರೆ ಗತಿಯಿಲ್ಲದೆ ತಮ್ಮದನ್ನೇ ಕೊಂಡು ತಂದೆವು. ಅಮ್ಮನಿಗೆ ಹೇಳುವುದೋ ಬಿಡುವುದೋ ಎಂದು ತಿಳಿಯದೆ, ಪೆಟ್ಟಿಗೆಯಿಂದ ತೆಗೆದವಳೇ ಅದನ್ನು ಅವರ ಮಂಚದ ಮೇಲೆ ಇಟ್ಟೆ.

ಇಲ್ಲಿ ನಮ್ಮ ಕಸುಬಿನ ಒಂದು ಅಭ್ಯಾಸವನ್ನು ತಮಗೆ ತಿಳಿಸಬೇಕು. ಕಸೂತಿಯವರು ಯಾವ ಕೆಲಸವನ್ನೂ ಮುಂಭಾಗ ನೋಡಿ ಮೆಚ್ಚುವುದಿಲ್ಲ. ಮುಂದೆ ಹೂವು ಎಲ್ಲರಿಗೂ ಬರುತ್ತದೆ, ಹಿಂದೆ ಗಂಟು, ಸಿಕ್ಕು, ಎಳೆದ ದಾರ ಎಷ್ಟಿದೆ ಎಂಬುದರಲ್ಲಿ ಕೈಯ ಗುಣ ತಿಳಿಯುತ್ತದೆ. ಅಮ್ಮನಿಗೆ ಇದು ರಕ್ತಗತವಾಗಿ, ಕೈಗೆ ಸಿಕ್ಕಿದ್ದನ್ನೆಲ್ಲ ಮಗುಚಿ ನೋಡುವ ಚಾಳಿ ಬಂದಿದೆ. ತಟ್ಟೆಯಾದರೂ ಅಷ್ಟೇ, ಟವೆಲಾದರೂ ಅಷ್ಟೇ. ನಮ್ಮ ಯಜಮಾನರು ಮದುವೆಯ ಮಾತಿಗೆಂದು ಮೊದಲ ಸಲ ಮನೆಗೆ ಬಂದಾಗ ಅಮ್ಮ ಅವರ ಶರಟಿನ ಕಾಲರನ್ನು ಮಗುಚಿ ಹೊಲಿಗೆ ನೋಡಿದ್ದರು. ಷೋರೂಮಿನಲ್ಲಿ ತಂತಿ ಬಿಗಿದು ತಾವು ತಪ್ಪಿಸಿದ್ದು ಇದನ್ನೇ. ಮಂಚದ ಮೇಲೆ ತಂತಿ ಇರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ತಮ್ಮ ಯಂತ್ರದ ಕಡೆ ನೋಡಲೇಬಾರದೆಂದು ಇದ್ದು, ಆಮೇಲೆ ತಡೆಯಲಾರದೆ ಎಡಗೈಯೊಂದರಲ್ಲೇ ಅದನ್ನು ಹಿಡಿದು ಅಂಗಾತ ಮಗುಚಿದರು. ಬುಡದ ಅಂಚನ್ನೆಲ್ಲ ಸವರಿ ನೋಡಿದರು. ಮೂಲೆಯಲ್ಲಿದ್ದ ಬಟನ್ ಹೆಬ್ಬೆರಳಿಗೆ ಸಿಕ್ಕಿತು.

"ಇಲ್ಲೇ ಇದೆಯಲ್ಲ," ಎಂದರು. "ಹೀಗೇ ಇಡು."

ಹಳೆಯದನ್ನು ಹಾಗೆ ಮಗುಚಲು ಇಬ್ಬರು ಗಂಡಸರು ಬೇಕಾಗುತ್ತಿತ್ತು. ತಾವು ಯಂತ್ರವನ್ನು ಪುಟ್ಟದಾಗಿ, ಹಗುರವಾಗಿ ಮಾಡಿದ್ದಕ್ಕೆ ಆ ಕ್ಷಣದಲ್ಲಿ ತಮ್ಮ ಮೇಲೆ ನಿಜವಾದ ಪ್ರೀತಿ ಉಕ್ಕಿತೆಂದು ಬರೆಯಲು ನನಗೇನೂ ಸಂಕೋಚವಿಲ್ಲ. ಹೀಗಾಗಿ ತಮ್ಮ ಯಂತ್ರ ನಮ್ಮ ಮೇಜಿನ ಮೇಲೆ ಹೊಟ್ಟೆ ಮೇಲಾಗಿ ಮಲಗಿದೆ, ಚೆನ್ನಾಗಿಯೇ ದುಡಿಯುತ್ತಿದೆ. ಸಹಾಯವಾಣಿಯ ಸೋದರಿಗೆ ಈ ಶುಭವಾರ್ತೆಯನ್ನು ತಿಳಿಸಿದಾಗ, ಅದು ಕಂಪನಿಯು ಶಿಫಾರಸು ಮಾಡಿದ ಭಂಗಿಯಲ್ಲ ಎಂದು ಎಚ್ಚರಿಸಿದರು. ನಮ್ಮ ಅಮ್ಮ ಶಿಫಾರಸು ಮಾಡಿದ ಭಂಗಿ ಎಂದು ದಾಖಲಿಸಿಕೊಳ್ಳಲು ಕೋರಿದ್ದೇನೆ. ಮುಂದಿನ ಸಲ ಮೊದಲಿನಿಂದ ಯೋಚಿಸಲು ಕೂರುವಾಗ ತಾವು ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂರಬೇಕೆಂಬುದು ನನ್ನ ಕಡೆಯ ಪ್ರಾರ್ಥನೆ.

ಉಳಿದದ್ದು ಆಫ್ ಮಾಡುವ ವಿಷಯ. ತಮ್ಮ ಮಾರಾಟಗಾರರ ಮಾತು ಅಮ್ಮನ ಕಿವಿಗೆ ಬಿದ್ದಾಗಿತ್ತು, ಅದನ್ನು ಹಿಂದಕ್ಕೆ ತೆಗೆಯುವುದು ನನ್ನ ಕೈಲಿರಲಿಲ್ಲ. ಅಮ್ಮ ಮತ್ತೆ ಸ್ಟೂಲಿಗೆ ಬಂದ ದಿನ ಸಂಜೆ ಅಂಗಡಿ ಮುಚ್ಚುವಾಗ, ನಮ್ಮ ವೈರಿಂಗ್ ಹಳೆಯದಂತೆ, ರಾತ್ರಿ ಇದನ್ನು ಆಫ್ ಮಾಡಲೇಬೇಕಂತೆ, ಎಲೆಕ್ಟ್ರಿಷಿಯನ್ ಹೇಳಿದ್ದಾರೆ ಎಂದು, ಅವರ ಮುಖ ನೋಡದೆ, ದಾರ ಸುತ್ತುತ್ತ ಹೇಳಿದೆ. ಅಮ್ಮ ಸ್ಟೂಲಿನಿಂದ ಎದ್ದು ಗೋಡೆ ಹಿಡಿದುಕೊಂಡರು.

"ಅವರು ಹಾಗೆ ಹೇಳಿರಲ್ಲ," ಎಂದರು. "ಆದ್ರೂ ಆಫ್ ಮಾಡು. ಬೆಳಿಗ್ಗೆ ಬರ್ತೀನಿ."

ಇಂತು, ತಮ್ಮ ಯಂತ್ರವನ್ನು ತಲೆಕೆಳಗಾಗಿ ಗೌರವಿಸುವ,
ತಮ್ಮ ವಿಶ್ವಾಸಿ,
ಕಸೂತಿ ಅಂಗಡಿಯವಳು

ತಾ.ಕ.: ಯಂತ್ರದ ನೆತ್ತಿಯ ಮೇಲೆ ತಾವು ಅಷ್ಟು ಅಂದವಾಗಿ ಕೆತ್ತಿಸಿರುವ ಕಂಪನಿಯ ಹೆಸರನ್ನು ಈಗ ನಮ್ಮ ಮೇಜು ಮಾತ್ರ ಓದುತ್ತಿದೆ. ಇದು ಯಾವ ಕಂಪನಿಯದೆಂದು ಗಿರಾಕಿಗಳು ಕೇಳುತ್ತಾರೆ, ನೆನಪಿಲ್ಲ ಎನ್ನುತ್ತೇವೆ. ತಮ್ಮ ಹೆಸರು ಜನರಿಗೆ ಕಾಣಬೇಕೆಂದಿದ್ದರೆ ದಯವಿಟ್ಟು ಬರೆದು ಕಳಿಸಿ. ಒಳ್ಳೆಯ ದಾರದಲ್ಲಿ ಹೊಲಿದು ಬುಡಕ್ಕೆ ಅಂಟಿಸಿಕೊಡುತ್ತೇವೆ, ಬಟನ್ನಿಗೆ ಅಡ್ಡ ಬಾರದಷ್ಟು ಸಣ್ಣ ಅಕ್ಷರಗಳಲ್ಲಿ.