ಎಲ್ಲೂ ನಿಲ್ಲಗೊಡದ ಹೆಚ್ಚುವರಿ ಟ್ಯಾಂಕಿಗೆ ಬಡಗಿಯ ಹೆಂಡತಿಯ ಬಹಿರಂಗ ಅಹವಾಲು

ಮಾನ್ಯ ಹೆಚ್ಚುವರಿ ಡೀಸೆಲ್ ಟ್ಯಾಂಕ್ ಅವರೇ,

ನಮ್ಮ ಪಿಕಪ್ಪಿನ ಹಿಂಬದಿಯಲ್ಲಿ, ಕ್ಯಾಬಿನ್ನಿಗೆ ಬೆನ್ನು ಕೊಟ್ಟು, ಬೋಲ್ಟುಗಳ ಸಿಂಹಾಸನದ ಮೇಲೆ ವಿರಾಜಮಾನರಾಗಿರುವ ತಮಗೆ, ಅದೇ ಕ್ಯಾಬಿನ್ನಿನಲ್ಲಿ ಯಜಮಾನರ ಪಕ್ಕದ ಸೀಟಿನಲ್ಲಿ ಮುದುಡಿ ಕೂರುವ ಬಡಗಿಯ ಹೆಂಡತಿಯಾದ ನಾನು ಮಾಡುವ ಅನಂತ ನಮಸ್ಕಾರಗಳು. ತಾವು ಸುಖವಾಗಿದ್ದೀರಾ ಎಂದು ಕೇಳುವ ಅಗತ್ಯವೇ ಇಲ್ಲ. ತುಕ್ಕು ಹಿಡಿಯದ ಮೈ, ಮಿರಮಿರ ಮಿಂಚುವ ಬಣ್ಣ, ಬೀಗವಿರುವ ಮುಚ್ಚಳ, ಬಿಸಿಲು ತಾಗದಂತೆ ಮೇಲೊಂದು ಹೊದಿಕೆ. ಮದುವೆಯಾಗಿ ಬಂದ ಹೊಸತರಲ್ಲೂ ನನಗೆ ಈ ಪರಿಯ ಉಪಚಾರ ಸಿಕ್ಕಿರಲಿಲ್ಲ, ಹೊಟ್ಟೆಕಿಚ್ಚಿಲ್ಲವೆಂದರೆ ಸುಳ್ಳಾದೀತು.

ತಮ್ಮ ಆಗಮನದಿಂದ ನಮ್ಮ ಗಾಡಿ ಒಂದೇ ಉಸಿರಿಗೆ ಮೊದಲಿನ ಎರಡರಷ್ಟು ದೂರ ಓಡಬಲ್ಲದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಓಡಿ ಎಲ್ಲಿಗೆ ಹೋಗಬೇಕು ಎಂಬುದಷ್ಟೇ ನನ್ನ ದಡ್ಡತಲೆಗೆ ಹೊಳೆಯುತ್ತಿಲ್ಲ. ನಾವು ಬಾಗಿಲು ಮಾಡಿ, ಹೊಸ ಬಡಾವಣೆಗೆ ಸಾಗಿಸಿ, ಚೌಕಟ್ಟಿಗೆ ಕೂರಿಸಿ ಬರುವ ಜನ, ಮತ್ತು ಆ ಬಡಾವಣೆ ತಾವು ದಯಮಾಡಿಸಿದಿರೆಂಬ ಗೌರವಕ್ಕೆ ಇನ್ನಷ್ಟು ದೂರ ಸರಿದು ಕೂತಿಲ್ಲ. ತಾವು ಜಾಗವನ್ನೆಲ್ಲ ಆಕ್ರಮಿಸಿದ ಮೇಲೆ ಪಾಪದ ಬಾಗಿಲುಗಳು ಗಾಡಿಯ ಹಿಂದಿನಿಂದ ನಾಲಿಗೆಯಂತೆ ಹೊರಚಾಚಿಕೊಂಡಿವೆ, ಅವುಗಳ ತುದಿಗೆ ಕೆಂಪು ಬಟ್ಟೆ ಕಟ್ಟಲೆಂದು ನನ್ನ ಒಳ್ಳೆಯ ಲಂಗವೊಂದು ಚಿಂದಿಯಾಯಿತು. ತಮ್ಮ ಭಾರದಿಂದಾಗಿ ನಾಲ್ಕು ಬಾಗಿಲು ಹೊರುತ್ತಿದ್ದ ಗಾಡಿ ಈಗ ಎರಡೇ ಹೊರುತ್ತದೆ, ಉಳಿದೆರಡಕ್ಕೆ ಮತ್ತೊಮ್ಮೆ ಹೋಗಬೇಕು, ಹಾಗೆ ಮತ್ತೊಮ್ಮೆ ಹೋಗಲು ಬೇಕಾದ ಡೀಸೆಲ್ಲನ್ನು ತಾವೇ ಕೃಪೆಯಿಟ್ಟು ಹೊತ್ತುಕೊಂಡಿದ್ದೀರಿ. ಇಷ್ಟು ದೂರಾಲೋಚನೆ ನಮ್ಮ ಮನೆತನದಲ್ಲಿ ಹಿಂದೆ ಯಾರಿಗೂ ಇರಲಿಲ್ಲ.

ತಮ್ಮನ್ನು ಮಾರಿದ ಅಂಗಡಿಯ ಮಹಾಶಯರು, "ಇದೊಂದ್ ಹಾಕಿಸ್ಬಿಡಿ, ಆಮೇಲೆ ದಾರೀಲಿ ಯಾರ ಮುಂದೇನೂ ನಿಲ್ಲೋ ಹಂಗಿಲ್ಲ" ಎಂದು ಎದೆ ತಟ್ಟಿ ಹೇಳಿದಾಗ ನಮ್ಮ ಯಜಮಾನರ ಮುಖ ಊರಗಲವಾಯಿತು. ಏಕೆಂದರೆ ದಾರಿ ನಡುವಿನ ಬಂಕಿನಲ್ಲಿ ಡೀಸೆಲ್ ಹಾಕುವವರು ಅವರ ಒಡಹುಟ್ಟಿದ ಅಣ್ಣ, ಅಂದರೆ ನನ್ನ ಭಾವ.

ಭಾವನವರು ಬಂಕಿಗೆ ಸೇರಿದ ಹೊಸತರಲ್ಲಿ, ತಮ್ಮ ಬಂದನೆಂಬ ಸಂಭ್ರಮದಲ್ಲಿ ಮಾತಾಡುತ್ತ ಮಾತಾಡುತ್ತ, ಈ ಡೀಸೆಲ್ ಗಾಡಿಗೆ ಪೆಟ್ರೋಲ್ ತುಂಬಿಸಿಬಿಟ್ಟರು. ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ ನಮ್ಮ ಇವರು, "ಕಣ್ಣೇನು ಮನೇಲಿ ಬಿಟ್ಟು ಬಂದಿದ್ಯಾ?" ಎಂದು ಅರಚಿದರು. ಅಲ್ಲಿಗೆ ಅಣ್ಣತಮ್ಮಂದಿರ ಮಾತು ನಿಂತಿತು. ಆದರೆ ಬಂಕಿನಲ್ಲಿ ಬಾಯಿ ಬಿಡದೆ ಕೆಲಸ ನಡೆಯುವುದಿಲ್ಲವಲ್ಲ, ಭಾವನವರು ಪ್ರತಿ ಸಲವೂ ಈ ಗಾಡಿಯನ್ನು ಜನ್ಮದಲ್ಲಿ ಕಂಡಿಲ್ಲವೆಂಬಂತೆ ದಿಟ್ಟಿಸಿ "ಡೀಸೆಲ್ಲಾ?" ಎನ್ನುವರು, ಇವರು ಆಕಾಶ ನೋಡುತ್ತ "ಡೀಸೆಲ್ಲೇ" ಎನ್ನುವರು. ವರ್ಷಗಳಿಂದ ಅವರಿಬ್ಬರ ನಡುವೆ ಉಳಿದದ್ದು ಇಷ್ಟೇ. ತಾವು ತಗಡಿನವರು, ತಮಗೆ ಅರ್ಥವಾಗಲಿಕ್ಕಿಲ್ಲ: ಅತ್ತೆಯವರು ಆಸ್ಪತ್ರೆಯಲ್ಲಿದ್ದಾಗ ಆ "ಡೀಸೆಲ್ಲಾ" ಎಷ್ಟು ಮೆತ್ತಗೆ ಬಂತೆಂದರೆ, ಇವರು ಆಕಾಶ ನೋಡುವುದನ್ನು ಮರೆತು ಬರಿದೇ ತಲೆಯಾಡಿಸಿದರು. ನಾನು ಆ ದಿನ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಆ ಒಂದು ಪದದ ಸಂಸಾರಕ್ಕೂ ತಾವು ಕಲ್ಲು ಹಾಕಿದಿರಿ. ಈಗ ಗಾಡಿ ಬಂಕಿನ ಎದುರಿಗೆ ಬರುವ ಹೊತ್ತಿಗೆ ಸರಿಯಾಗಿ ಮೊದಲಿನ ಟ್ಯಾಂಕ್ ತಳ ಕಾಣುತ್ತದೆ, ಯಜಮಾನರು ಮೂಗು ಮೇಲೆ ಮಾಡಿಕೊಂಡು ತಮ್ಮೊಳಗಿನ ಡೀಸೆಲ್ಲನ್ನು ಎಂಜಿನ್ನಿಗೆ ಬಿಡುವ ಸ್ವಿಚ್ಚು ಒತ್ತುತ್ತಾರೆ, ಗಾಡಿ ನಿಲ್ಲದೆ ಸಾಗುತ್ತದೆ, ಭಾವನವರು ಕೈಯಲ್ಲಿ ಪೈಪು ಹಿಡಿದು ನೋಡುತ್ತ ಉಳಿಯುತ್ತಾರೆ. ಈ ವಾರ ಕಳೆದರೆ ಅವರು ಕೆಲಸ ಬಿಟ್ಟು ಮಗಳ ಊರಿಗೆ ಹೊರಡುವವರಿದ್ದಾರೆ. ಅದು ತಮ್ಮ ಹೊಟ್ಟೆ ಬಿರಿಯುವಷ್ಟು ತುಂಬಿಸಿದರೂ ತಲುಪಲಾಗದಷ್ಟು ದೂರ. "ಒಂದ್ಸಲ ಗಾಡಿ ನಿಲ್ಸಕ್ಕೆ ಹೇಳೇ, ಇವ್ರು ಬಾಯಿಬಿಟ್ಟು ಹೇಳಲ್ಲ, ರಸ್ತೆ ನೋಡ್ಕೊಂಡೇ ನಿಂತಿರ್ತಾರೆ" ಎಂದು ಅಕ್ಕ, ಅಂದರೆ ಭಾವನ ಹೆಂಡತಿ, ಫೋನಿನಲ್ಲಿ ಅಲವತ್ತುಕೊಂಡರು. ನಾನು ಹೇಳಿದೆ. ಯಜಮಾನರು ಬೆನ್ನ ಹಿಂದಿರುವ ತಮ್ಮ ಕಡೆಗೆ ಹೆಬ್ಬೆರಳು ತೋರಿಸಿ, "ಟ್ಯಾಂಕ್ ತುಂಬಾ ಇದ್ಯಲ್ಲ, ಯಾಕ್ ನಿಲ್ಲಿಸ್ಬೇಕು?" ಎಂದರು. ತಾವು ತುಂಬಿದ ಕೊಡವಾದ್ದರಿಂದ ಏನೂ ಹೇಳಲಿಲ್ಲ.

ಆದ್ದರಿಂದ ನನ್ನ ವಿನಮ್ರ ಕೋರಿಕೆಯೇನೆಂದರೆ, ತಾವು ದಯವಿಟ್ಟು ಸೋರಬೇಕು. ಸೋರುವುದು ತಮ್ಮ ಅಂತಸ್ತಿಗೆ ಕಡಿಮೆಯೆನಿಸಿದರೆ ಕುಗ್ಗಿ ಚೊಂಬಿನಷ್ಟಾಗಬೇಕು. ಅದೂ ಆಗದಿದ್ದರೆ, ಅಣ್ಣನ ಮುಂದೆ ಗಾಡಿ ನಿಲ್ಲಿಸಲು ಡೀಸೆಲ್ ಮುಗಿದೇ ಇರಬೇಕೆಂಬ ಕಾನೂನು ಎಲ್ಲೂ ಇಲ್ಲವೆಂದು ಯಜಮಾನರಿಗೆ ಒಂದು ಮಾತು ತಿಳಿಹೇಳಬೇಕು. ನಾನು ಹೇಳಿದರೆ ಅವರ ಕಿವಿಗೆ ಹೋಗುವುದಿಲ್ಲ, ತಮಗಾದರೆ ನಮ್ಮ ಮನೆಯಲ್ಲಿ ಬೆಲೆಯಿದೆ.

ತಮಗಿಂತ ಮೊದಲೇ ಈ ಗಾಡಿ ಹತ್ತಿದವಳೆಂಬ ಒಂದೇ ಹೆಮ್ಮೆ ಉಳಿದಿರುವ,
ತಮ್ಮ ವಿಶ್ವಾಸಿ,
ಬಡಗಿಯ ಹೆಂಡತಿ

ವಿ.ಸೂ.: ತಮ್ಮೊಳಗೆ ಎಷ್ಟಿದೆಯೆಂದು ತೋರಿಸುವ ಮುಳ್ಳನ್ನು ಅಂಗಡಿಯವರು ಕೊಟ್ಟಿಲ್ಲವಾದ್ದರಿಂದ, ತಮ್ಮ ಅಡಿಯ ನಟ್ಟು ಸಡಿಲಿಸಿ ಇದ್ದುದನ್ನೆಲ್ಲ ಕ್ಯಾನುಗಳಿಗೆ ಇಳಿಸಿದ್ದೇನೆ. ಇದು ಬಹಿರಂಗ ಪತ್ರವಾದರೂ ಭಯವಿಲ್ಲ, ನಾನು ಬರೆದದ್ದನ್ನು ಯಜಮಾನರು ಓದಿದ ಚರಿತ್ರೆಯಿಲ್ಲ. ನಾಳೆ ಬೆಳಿಗ್ಗೆ ಬಂಕಿನ ಎದುರು ಅವರು ಸ್ವಿಚ್ಚು ಒತ್ತಿದಾಗ ಗಾಡಿ ಕೆಮ್ಮಿ ನಿಲ್ಲುತ್ತದೆ. ಡೀಸೆಲ್ ಗಾಡಿ ಹೀಗೆ ಬತ್ತಿ ನಿಂತರೆ ಬರೀ ಡೀಸೆಲ್ ಹಾಕಿದರೆ ಸಾಲದು, ಪೈಪಿನೊಳಗೆ ಸೇರಿದ ಗಾಳಿಯನ್ನೂ ತೆಗೆಯಬೇಕು: ಒಬ್ಬರು ಬಾನೆಟ್ ಎತ್ತಿ ಕೈಪಂಪು ಒತ್ತಬೇಕು, ಇನ್ನೊಬ್ಬರು ಒಳಗೆ ಕೂತು, ಅವರು "ಹೂಂ" ಎಂದಾಗ ಕೀ ತಿರುಗಿಸಬೇಕು, "ಸಾಕು" ಎಂದಾಗ ಬಿಡಬೇಕು, ಮತ್ತೆ ಮತ್ತೆ. ಈ ಎರಡೂ ಕೆಲಸ ನನಗೆ ಚೆನ್ನಾಗಿಯೇ ಬರುತ್ತದೆ. ನಾಳೆ ಬೆಳಿಗ್ಗೆ ಮಾತ್ರ ಮರೆತುಹೋಗಿರುತ್ತದೆ.